ತೊಗಲಿನ ಹೂವು

ನಾನು ಮಾಡುವ ಕೆಲಸ ಏನೆಂದು ಹೇಳಿದರೆ ವಿದ್ಯಾರಣ್ಯ ಕನ್ನಡ ಕೂಟದ ಗೆಳತಿಯರು ಮೊದಲು ನಗುತ್ತಾರೆ. ಫ್ರಾನ್ಸಿನಲ್ಲಿ ತಯಾರಾಗುವ ಚರ್ಮದ ಚೀಲ, ಬೆಲ್ಟು, ಪರ್ಸುಗಳ ವಿವರಣೆಯನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಹುಟ್ಟಿದ್ದು ಅಥಣಿಯಲ್ಲಿ, ಫ್ರೆಂಚ್ ಕಲಿತದ್ದು ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ, ಅದರಿಂದ ಅನ್ನ ಹುಟ್ಟಿದ್ದು ಪ್ಲೇನ್‌ಫೀಲ್ಡಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ. "ಇದರಲ್ಲಿ ಕನ್ನಡ ಎಲ್ಲಿ ಬಂತೇ?" ಎಂದು ಒಬ್ಬರು ಕೇಳಿದ್ದರು. ಎಲ್ಲಿಯೂ ಇಲ್ಲ ಎಂದೇ ನಾನೂ ನಂಬಿದ್ದೆ.

ಈ ಕಸುಬಿನ ಪದಗಳು ತಮಾಷೆಯಾಗಿರುತ್ತವೆ. ಚರ್ಮದ ಸಾಮಾನುಗಳಿಗೆ ಫ್ರೆಂಚಿನಲ್ಲಿ 'ಮರೊಕಿನ್ರಿ' ಎನ್ನುತ್ತಾರೆ. ಮೊರಾಕ್ಕೊದ ಮೇಕೆ ಚರ್ಮದಿಂದ ಬಂದ ಹೆಸರು. ಮೆಟ್ಟು ಹೊಲಿಯುವವನು 'ಕೊರ್ದೊನ್ಯೇ'. ಅದರ ಮೂಲ ಸ್ಪೇನಿನ ಕಾರ್ಡೊಬಾ ಊರು. ಅದೇ ಊರಿನ ಹೆಸರು ಹೊತ್ತ ಕಾರ್ಡೊವನ್ ಎಂಬ ಕುದುರೆ ಚರ್ಮವನ್ನು ಇಂದಿಗೂ ಹದ ಮಾಡುವ ಕಾರ್ಖಾನೆ ನಮ್ಮ ಚಿಕಾಗೊದಲ್ಲೇ ಇದೆ. 1905ರಲ್ಲಿ ಶುರುವಾದ ಹಾರ್ವೀನ್ ಅದು, ಎಲ್‌ಸ್ಟನ್ ಅವೆನ್ಯೂದಲ್ಲಿದೆ. ಒಂದು ತುಂಡು ಕಾರ್ಡೊವನ್ ಸಿದ್ಧವಾಗಲು ಸುಮಾರು ಆರು ತಿಂಗಳು ಬೇಕು. ಒಂದು ಕಾಲಕ್ಕೆ ದೇಶಕ್ಕೆಲ್ಲ ಮಾಂಸ ಒದಗಿಸುತ್ತಿದ್ದ ಊರಿನಲ್ಲಿ ತೊಗಲಿಗೇನು ಬರ?

ಚೀಲದ ಪಕ್ಕದಲ್ಲಿ ಮಡಚಿ ಬಿಚ್ಚಿಕೊಳ್ಳುವ ಭಾಗ ಫ್ರೆಂಚರಿಗೆ 'ಸುಫ್ಲೆ', ಅಂದರೆ ಕಮ್ಮಾರನ ತಿದಿ. ಬೆಲ್ಟಿನ ತುದಿಯನ್ನು ಹಿಡಿದಿಡುವ ಪುಟ್ಟ ಪಟ್ಟಿ ಅವರಿಗೆ ದಾರಿಹೋಕ, ಇಂಗ್ಲಿಷರಿಗೆ ಕಾವಲುಗಾರ. ಇಂಥವು ಸಿಕ್ಕಾಗ ಒಬ್ಬಳೇ ಕೂತು ನಗುತ್ತೇನೆ. ಕೂದಲು ತೆಗೆದ ಮೇಲೂ ತನ್ನ ಸಹಜ ಮೇಲ್ಮೈಯನ್ನು ಹಾಗೇ ಉಳಿಸಿಕೊಂಡ ಉತ್ತಮ ಚರ್ಮಕ್ಕೆ ಅವರು 'ಪ್ಲೆನ್ ಫ್ಲರ್' ಎನ್ನುತ್ತಾರೆ. ನಮ್ಮೂರಿನ ಹೆಸರಿನಂತೆಯೇ ಕೇಳಿಸುವ ಈ ಮಾತಿನ ಅಕ್ಷರಾರ್ಥ 'ಪೂರ್ಣ ಹೂವು'. ಇಂಗ್ಲಿಷಿನಲ್ಲಿ ಅದು ಫುಲ್ ಗ್ರೇನ್. ಒಂದೇ ತೊಗಲಿನಲ್ಲಿ ಒಬ್ಬರು ಹೂವು ಕಂಡರು, ಇನ್ನೊಬ್ಬರು ಕಾಳು ಕಂಡರು.

ನಾನು ಎಡವಿದ್ದು ಹೂವಿನಲ್ಲಲ್ಲ, ಅದರ ಕೆಳಗಿನ ಪದರದಲ್ಲಿ. ದಪ್ಪ ಹಸುವಿನ ಚರ್ಮವನ್ನು ಯಂತ್ರದಲ್ಲಿ ಅಡ್ಡವಾಗಿ ಸೀಳುತ್ತಾರೆ. ಮೇಲಿನದು ಹೂವು. ಕೆಳಗಿನದು 'ಕ್ರೂತ್'. ಬ್ರೆಡ್ಡಿನ ಹೊರಪದರಕ್ಕೂ ಅದೇ ಪದ. ಕೆಳಪದರದ ಎಳೆಗಳು ಸಡಿಲ, ಬಲ ಕಡಿಮೆ. ಬಣ್ಣದ ಲೇಪ ಕೊಟ್ಟರೆ ನೋಡುವುದಕ್ಕೆ ಮಾತ್ರ ಮೇಲ್ಪದರದಂತೆಯೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಪ್ಲಿಟ್' ಎನ್ನಬೇಕು. ನಾನು 'ಕ್ರಸ್ಟ್' ಎಂದು ಬರೆದೆ. ಆದರೆ ಇಂಗ್ಲಿಷ್ ಚರ್ಮೋದ್ಯಮದಲ್ಲಿ ಕ್ರಸ್ಟ್ ಎಂದರೆ ಹದವಾಗಿ ಒಣಗಿ, ಬಣ್ಣಕ್ಕೆ ಕಾದಿರುವ ಚರ್ಮ; ಅದು ಅತ್ಯುತ್ತಮ ದರ್ಜೆಯದೂ ಆಗಿರಬಹುದು. ಫ್ರಾನ್ಸಿನಲ್ಲಿ 2010ರ ಆದೇಶದ ಪ್ರಕಾರ ಚೀಲ ಕೆಳಪದರದ್ದಾದರೆ ಹಾಗೆಂದು ಹೇಳಲೇಬೇಕು. ಅಲ್ಲಿನ ತಯಾರಕ ಸತ್ಯವನ್ನೇ ಬರೆದಿದ್ದ. ಸಮುದ್ರದ ಈಚೆಗೆ ತರುವಾಗ ಅದನ್ನು ಅಳಿಸಿದವಳು ನಾನು.

ತಪ್ಪು ಗೊತ್ತಾಗುವಷ್ಟರಲ್ಲಿ ಕೆಟಲಾಗು ಅಚ್ಚಾಗಿತ್ತು. ಕೆಲಸ ಕೊಟ್ಟವರು ಮುಂದಿನ ಭಾಗವನ್ನು ಬೇರೆಯವರಿಗೆ ಒಪ್ಪಿಸಿದರು. ಅದರಲ್ಲಿ ಅವರ ತಪ್ಪೇನಿಲ್ಲ. ಗಟ್ಟಿ ಚರ್ಮವೆಂದು ನಂಬಿ ಯಾರೋ ಕೊಂಡ ಚೀಲದ ಪಟ್ಟಿ ಎಲ್ಲೋ ಒಂದು ರೈಲು ನಿಲ್ದಾಣದಲ್ಲಿ ಕಿತ್ತುಹೋಗುವ ಚಿತ್ರ ಬಹಳ ದಿನ ಕಾಡಿತು. ನಿಘಂಟು ನೋಡಿ ಬರೆದಿದ್ದೆ, ತೊಗಲು ನೋಡಿ ಬರೆದಿರಲಿಲ್ಲ.

ಆಗ ಹೊಳೆದ ಇನ್ನೊಂದು ಸಂಗತಿ ನಾಚಿಕೆ ತರಿಸಿತು. ನಾನು ಅಥಣಿಯವಳು. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಗಳು ನಮ್ಮೂರಲ್ಲೂ ಹುಟ್ಟುತ್ತವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಪಟ್ಟಿಯಲ್ಲಿದ್ದವು. ಚಪ್ಪಲಿ ಮಾಡುವವರ ಓಣಿಯಿಂದ ಹತ್ತು ನಿಮಿಷದ ಹಾದಿಯಲ್ಲಿ ಬೆಳೆದ ನನಗೆ ಈ ಯಾವುದಕ್ಕೂ ಕನ್ನಡ ಪದ ಗೊತ್ತಿರಲಿಲ್ಲ.

ಕಾರಣ ಗೊತ್ತಿತ್ತು. ವರ್ಷಕ್ಕೊಮ್ಮೆ ನಮ್ಮ ಮನೆಗೆ ಚಪ್ಪಲಿ ತರುತ್ತಿದ್ದ ಹಿರಿಯರು ಅಂಗಳದಲ್ಲೇ ಕೂರುತ್ತಿದ್ದರು. ಅಜ್ಜಿ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದಳು. ದುಡ್ಡನ್ನು ಕೈಗೆ ಕೊಡದೆ ಮೆಟ್ಟಿಲ ಮೇಲೆ ಇಡುತ್ತಿದ್ದಳು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಶಾಲೆಯಲ್ಲಿ ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಿದ್ದೆ. ಮನೆಗೆ ಬಂದು ಅಂಗಳದಲ್ಲಿದ್ದವರನ್ನು ಒಂದು ಮಾತೂ ಕೇಳುತ್ತಿರಲಿಲ್ಲ.

ಆ ಹಿರಿಯರು ಈಗಿಲ್ಲ. ಅವರ ಮಗ ಅದೇ ಕಸುಬು ಮಾಡುತ್ತಾರೆ. ತಮ್ಮನಿಗೆ ಹೇಳಿ ಒಂದು ರಾತ್ರಿ ವಿಡಿಯೊ ಕರೆ ಮಾಡಿದೆ. ಇಲ್ಲಿ ಕಿಟಕಿಯಾಚೆ ಹಿಮ, ಅಲ್ಲಿ ಬೆಳಗಿನ ಬಿಸಿಲು. ಅವರು ಒಂದೊಂದನ್ನೇ ಎತ್ತಿ ತೋರಿಸಿದರು: ಚುಚ್ಚುವ ಉಳಿ, ಸವರುವ ರಂಪಿಗೆ, ಕೆಳಗಿನ ಅಟ್ಟೆ, ಬೆರಳು ಹಿಡಿಯುವ ಉಂಗುಷ್ಟ. ಜಾಲಿ ತೊಗಟೆಯಲ್ಲಿ, ಅಳಲೆಕಾಯಿ ನೀರಿನಲ್ಲಿ ತೊಗಲು ಹದವಾಗುವ ಬಗೆ ಹೇಳಿದರು. ಹದ! ಹೊಲಕ್ಕೆ, ಬೆಲ್ಲದ ಪಾಕಕ್ಕೆ, ತೊಗಲಿಗೆ ನಮ್ಮಲ್ಲಿ ಒಂದೇ ಮಾತು. ಫ್ರೆಂಚಿನಲ್ಲಿ ಅಂಥದ್ದೊಂದು ಪದಕ್ಕಾಗಿ ನಾನು ಎಷ್ಟು ಹುಡುಕಿದ್ದೆನೋ.

ಮೇಲ್ಪದರಕ್ಕೆ ಫ್ರೆಂಚರು ಹೂವು ಎನ್ನುತ್ತಾರೆ, ನೀವೇನೆನ್ನುತ್ತೀರಿ ಎಂದು ಕೇಳಿದೆ. ಅವರು ಜೋರಾಗಿ ನಕ್ಕರು. "ಇದರಾಗ ಹೂವು ಎಲ್ಲಿ ಬಂತ್ರೀ ಅಕ್ಕಾರ? ಇದು ಕೂದಲ ಬದಿ, ಇದು ಮಾಂಸದ ಬದಿ. ಅಷ್ಟ."

ಫ್ರೆಂಚ್ ಕೆಲಸಗಾರರೂ ಒಳಬದಿಯನ್ನು ಮಾಂಸದ ಬದಿ ಎಂದೇ ಕರೆಯುತ್ತಾರೆ. ನನ್ನ ಕೈಗೆ ಬರುವ ಕೆಟಲಾಗುಗಳಲ್ಲಿ ಮಾತ್ರ ಆ ಪದ ಕಾಣುವುದಿಲ್ಲ. ಅಲ್ಲಿ ಹೂವು ಸಾಕು.

ಕರೆ ಮುಗಿಸುವ ಮುಂಚೆ ಅವರು ಕೇಳಿದರು: "ನಿಮ್ಮ ಮನೀ ಅಂಗಳದಾಗ ನಮ್ಮಪ್ಪ ಕೂಡ್ತಿದ್ದ ಜಾಗ ನೆನಪೈತೇನ್ರಿ?"

"ನೆನಪೈತ್ರಿ ಅಣ್ಣಾರ," ಎಂದೆ. ಮುಂದೆ ಮಾತು ಹೊರಡಲಿಲ್ಲ. ಅವರೂ ಮುಂದುವರಿಸಲಿಲ್ಲ.

ಈಗ ನನ್ನ ಪದಕೋಶದ ಪುಸ್ತಕದಲ್ಲಿ ಮೂರು ಸಾಲುಗಳಿವೆ. ಫ್ರೆಂಚ್ ಒಂದು ಬದಿ, ಇಂಗ್ಲಿಷ್ ಇನ್ನೊಂದು ಬದಿ, ನಡುವೆ ಕನ್ನಡ. ನಡುವಿನ ಸಾಲನ್ನು ಯಾರೂ ದುಡ್ಡು ಕೊಟ್ಟು ಕೇಳುವುದಿಲ್ಲ. ಆದರೆ ಅದು ತುಂಬದೆ ನಾನು ಮೂರನೆಯದಕ್ಕೆ ಕೈ ಹಾಕುವುದಿಲ್ಲ. ಅಲ್ಲಿನ್ನೂ ಎಷ್ಟೋ ಖಾಲಿ ಜಾಗಗಳಿವೆ. ತಿಂಗಳಿಗೊಮ್ಮೆ ಅಥಣಿಗೆ ಫೋನು ಮಾಡುತ್ತೇನೆ.