ಟೈರಿಗೂ ವಯಸ್ಸಾಗುತ್ತೆ

ನಂದಿದುರ್ಗ ಅಂದ ಕೂಡಲೇ ಎಲ್ಲರೂ "ಓ, ನಂದಿ ಬೆಟ್ಟದ ಹತ್ರಾನಾ?" ಅಂತಾರೆ. ಅಲ್ಲ ಸ್ವಾಮಿ, ನಮ್ಮದು ಕೆ.ಜಿ.ಎಫ್.ನ ನಂದಿದುರ್ಗ. ಬೆಟ್ಟ ಅಲ್ಲ, ಚಿನ್ನದ ಗಣಿ. ಬೆಟ್ಟದ ಥರ ಕಾಣೋದು ಸೈನೈಡ್ ದಿಬ್ಬ ಮಾತ್ರ! ಕೇಜು ಇಳಿಸಿ ಏರಿಸೋ ವೈಂಡಿಂಗ್ ವಿಭಾಗದಲ್ಲಿ ಅಪ್ಪನ ಕೆಲಸ. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಬಾಗಿಲು ಹಾಕುವವರೆಗೂ.

ಹೋದ ವರ್ಷ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. 2012ರ ಮಾಡೆಲ್. ಓಡಿದ್ದು ಬರೀ 34 ಸಾವಿರ ಕಿ.ಮೀ., ಒಬ್ಬರೇ ಓನರ್, ಟೈರಿನ ಗೆರೆಗಳು ಹೊಸದರಂತೆ ಆಳವಾಗಿದ್ದವು. ಎಂಥಾ ಲಾಟರಿ ಅಂದುಕೊಂಡೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ಅಕ್ಕನನ್ನೂ ಅವಳ ಮಗಳನ್ನೂ ಕರೆತರೋಕೆ ಅಪ್ಪನ ಜತೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿದ್ದೆ. ವಾಪಸ್ ಬರುವಾಗ ಢಬ್ ಅಂತ ಸದ್ದು. ಕಾರು ಎಡಕ್ಕೆ ಎಳೆಯತೊಡಗಿತು. "ಬ್ರೇಕ್ ತುಳೀಬೇಡ, ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೋ" ಅಂದರು ಅಪ್ಪ. ಮುಂದೆ ಟ್ರ್ಯಾಕ್ಟರ್ ಇದ್ದಿದ್ದರಿಂದ ನಿಧಾನವಾಗೇ ಹೋಗುತ್ತಿದ್ದೆವು. ಕಾರು ಬೋಳು ಹೊಲದ ಅಂಚಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಕೈ ನಡುಗೋದು ಮಾತ್ರ ನಿಲ್ಲಲಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇತ್ತು: 2312. ಅಂದರೆ 2012ರ 23ನೇ ವಾರ ತಯಾರಾದದ್ದು. ಕಾರು ನಿಂತಲ್ಲೇ ನಿಂತಿದ್ದರಿಂದ ಗೆರೆ ಸವೆದಿರಲಿಲ್ಲ, ಆದರೆ ಬಿಸಿಲಿಗೆ, ಗಾಳಿಗೆ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲೆಲ್ಲ ಕೂದಲೆಳೆಯಂಥ ಬಿರುಕು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಗೂ ಅದೇ ವಯಸ್ಸು... ದಿನವಿಡೀ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವ ನಾನು ಇದನ್ನು ನೋಡೇ ಇರಲಿಲ್ಲ.

ಅಪ್ಪ ಬೈಯಲಿಲ್ಲ. "ಕೇಜಿನ ಹಗ್ಗ ದಿನಾ ನೋಡ್ತಿದ್ವಿ ಕಣೋ. ಆಗಾಗ ತುದಿ ಕತ್ತರಿಸಿ ಟೆಸ್ಟ್‌ಗೆ ಕಳಿಸ್ತಿದ್ರು. ನೋಡೋಕೆ ಚೆನ್ನಾಗಿದ್ರೂ ಅವಧಿ ಮುಗಿದ ಹಗ್ಗದಲ್ಲಿ ಜನರನ್ನ ಇಳಿಸ್ತಿರಲಿಲ್ಲ" ಅಂದರು. ಅಷ್ಟೇ.

ಆ ವಾರವೇ ಐದೂ ಟೈರ್ ಬದಲಾಯಿಸಿದೆ. ಬ್ರೇಕ್ ಆಯಿಲ್ ತೆಗೆಸಿದರೆ ಕಾಫಿ ಡಿಕಾಕ್ಷನ್ ಬಣ್ಣ! ಅದು ವರ್ಷಗಟ್ಟಲೆ ಗಾಳಿಯ ತೇವ ಹೀರಿಕೊಳ್ಳುತ್ತೆ. ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆ ನೀರು ಆವಿಯಾಗಿ, ಪೆಡಲ್ ತುಳಿದರೂ ಬ್ರೇಕ್ ಹಿಡಿಯದೇ ಹೋಗಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಂತೆ.

ಇವೆಲ್ಲ ದುಡ್ಡು ಕೊಟ್ಟರೆ ಸರಿಹೋಗುತ್ತವೆ. ಸರಿಹೋಗದ್ದೂ ಇದೆ. ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್, ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದೇ 2019ರಲ್ಲಿ. ನನ್ನ ಕಾರಿನಲ್ಲಿ ಎರಡೂ ಇಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಐದು ಭಾರತೀಯ ಮಾಡೆಲ್‌ಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಕಾರು ಎಷ್ಟೇ ಫಳಫಳ ಅಂದರೂ ಇದು ಬದಲಾಗಲ್ಲ.

ಮಾರಿಬಿಡೋಣ ಅನ್ನಿಸಿತು. ಆದರೆ ಮಾರಿದರೆ ಇನ್ನೊಬ್ಬರ ಅಕ್ಕ ಅದರಲ್ಲಿ ಕೂರ್ತಾರೆ, ಅಷ್ಟೇ ತಾನೇ? ಹಾಗಾಗಿ ಸದ್ಯಕ್ಕೆ ಒಂದು ನಿಯಮ ಮಾಡಿಕೊಂಡಿದ್ದೇನೆ: ಕಾರು ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗೆ ಮಾತ್ರ, ಅದೂ ಹಿಂದೆ ಕೂತವರೂ ಬೆಲ್ಟ್ ಹಾಕಿಕೊಂಡರೆ. ಬೆಂಗಳೂರಿಗೆ ಎಂದಿನಂತೆ ರೈಲು.

ಅಪ್ಪ ಈಗ ಕಾರು ಹತ್ತುವ ಮುಂಚೆ ನಾಲ್ಕೂ ಟೈರ್ ಮುಟ್ಟಿ ನೋಡಿ ಬರ್ತಾರೆ. ಮೊದಲು ನಗು ಬರ್ತಿತ್ತು. ಈಗ ಅವರು ಸುತ್ತಿ ಬರೋವರೆಗೂ ನಾನು ಕೀ ತಿರುಗಿಸಲ್ಲ.

ನಿಮ್ಮ ಕಾರಿನ ಟೈರ್ ಹುಟ್ಟಿದ್ದು ಯಾವಾಗ? ಒಂದ್ಸಲ ಬಗ್ಗಿ ನೋಡಿ ಬನ್ನಿ :)