ಮಗನ ಡ್ರಮ್ಮಿಗಾಗಿ ಕಾರವಾರಕ್ಕೆ

ಕಾರವಾರಕ್ಕೆ ಹೋಗಿಬಂದವರ ಚೀಲದಲ್ಲಿ ಏನಿರುತ್ತದೆಂದು ನಿಮಗೆಲ್ಲ ಗೊತ್ತೇ ಇದೆ. ಒಣಮೀನು ತಿನ್ನುವವರಾದರೆ ಅದರ ಪೊಟ್ಟಣ, ಇಲ್ಲದವರಾದರೆ ಮುರುಗಲು ಸಿಪ್ಪೆ, ಒಂದಿಷ್ಟು ಗೋಡಂಬಿ, ಮಕ್ಕಳ ಕಿಸೆಯ ತುಂಬ ಕಪ್ಪೆಚಿಪ್ಪು. ಹೋದವರೆಲ್ಲ ಟಾಗೋರ್ ಕಡಲತೀರದಲ್ಲಿ ಒಂದು ಸಂಜೆ ಕೂತು, ಯುದ್ಧನೌಕೆ ಚಾಪಲ್ ಹತ್ತಿ ಇಳಿದು, ಮೀನೂಟ ಮಾಡಿ ಬರುತ್ತಾರೆ. ಕವಿ ರವೀಂದ್ರರ ಅಣ್ಣ ಸತ್ಯೇಂದ್ರನಾಥರು 1880ರ ದಶಕದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರಂತೆ. ಆಗ ತರುಣ ರವೀಂದ್ರರು ಬಂದು ಇದ್ದು ಹೋದರು. ಆ ನೆನಪಿಗೇ ತೀರಕ್ಕೆ ಅವರ ಹೆಸರು. ನಾವೂ ಅದನ್ನೆಲ್ಲ ನೋಡಿದೆವು, ಇಲ್ಲವೆನ್ನುವುದಿಲ್ಲ. ಆದರೆ ಈ ಸಲ ಘಟ್ಟ ಇಳಿದದ್ದು ಬೇರೊಂದು ಕೆಲಸಕ್ಕೆ: ನಾಲ್ಕನೆಯ ಇಯತ್ತೆಯ ಮಗನಿಗೆ ಡ್ರಮ್ ಕೊಳ್ಳಲು!

ನಮ್ಮ ಮನೆಯ ಡಬ್ಬಿಗಳ ಪಾಡನ್ನು ನೀವು ನೋಡಬೇಕಿತ್ತು. ಅವಲಕ್ಕಿ ಡಬ್ಬಿ, ರವೆ ಡಬ್ಬಿ, ಹಪ್ಪಳದ ದೊಡ್ಡ ಡಬ್ಬಿ, ಮೂರನ್ನೂ ಬೋರಲು ಹಾಕಿ, ಅಪ್ಪೆಹುಳಿ ಕಡೆಯುವ ಸೌಟು ಹಿಡಿದು ಕೂತನೆಂದರೆ ಮುಗಿಯಿತು. ಶಾಲೆಯ ಬ್ಯಾಂಡಿನಲ್ಲಿ ಪಕ್ಕದ ಡ್ರಮ್ ಹೊಡೆಯುವ ದೊಡ್ಡ ಹುಡುಗರನ್ನು ಕಂಡ ದಿನದಿಂದ ಇದೇ ಹುಚ್ಚು. ವರ್ಷವಾದರೂ ಇಳಿಯಲಿಲ್ಲ. ನಮ್ಮವರು ಕೊನೆಗೆ, "ಐದು ಸಾವಿರದೊಳಗೆ ಏನು ಬರುತ್ತದೋ ನೋಡು, ಅದರ ಮೇಲೆ ಒಂದು ಪೈಸೆ ಇಲ್ಲ" ಅಂದರು. ನನ್ನ ನಾದಿನಿಯನ್ನು ಕೊಟ್ಟದ್ದು ಕಾರವಾರದ ಕೋಡಿಬಾಗಕ್ಕೆ. "ಅತ್ತಿಗೆ, ಇಲ್ಲಿಗೇ ಕರಕೊಂಡು ಬಾ. ಪಕ್ಕದ ಮನೆಯಲ್ಲೇ ಡ್ರಮ್ ಸೆಟ್ ಇದೆ. ಕೊಳ್ಳೋ ಮೊದಲು ಒಮ್ಮೆ ಕೂತು ಹೊಡೆದು ನೋಡಲಿ" ಎಂದು ಫೋನಿನಲ್ಲಿ ಹೇಳಿದಳು. ಒಳ್ಳೆಯ ಮಾತು. ಸೀರೆಯನ್ನೇ ಮೈಮೇಲೆ ಹಾಕಿ ನೋಡದೆ ಕೊಳ್ಳದ ನಾವು ಡ್ರಮ್ಮನ್ನು ಚಿತ್ರ ನೋಡಿ ಕೊಳ್ಳುವುದೇ?

ಪಕ್ಕದ ಮನೆಯವರು ಕೊಂಕಣಿ ಮಾತಾಡುವ ಕ್ರೈಸ್ತರು. ಅವರ ಹಿರಿಯ ಮಗ ಚರ್ಚಿನ ಹಾಡಿನ ಮೇಳದಲ್ಲಿ ನುಡಿಸುತ್ತಾನೆ. ಆ ಸೆಟ್ಟನ್ನು ಹತ್ತಿರದಿಂದ ಕಂಡದ್ದು ನಾನೂ ಅದೇ ಮೊದಲು. ನೆಲದ ಮೇಲೆ ಅಡ್ಡ ಮಲಗಿದ ದೊಡ್ಡದು ಬೇಸ್ ಡ್ರಮ್. ಅದನ್ನು ಬಲಗಾಲಿನ ಪೆಡಲಿನಿಂದ ಬಾರಿಸುವುದು. ಮೊಣಕಾಲುಗಳ ನಡುವೆ ಸ್ನೇರ್, ಅದರ ಹೊಟ್ಟೆಯಡಿ ತಂತಿಗಳಿರುವುದರಿಂದ ಚರಚರ ಸದ್ದು. ಮೇಲೆ ಎರಡು ಟಾಮ್, ಪಕ್ಕದಲ್ಲಿ ಕಾಲಿನ ಮೇಲೆ ನಿಂತ ಇನ್ನೊಂದು ದೊಡ್ಡ ಟಾಮ್. ಎಡಗಾಲಿನಲ್ಲಿ ತೆರೆದು ಮುಚ್ಚುವ ಜೋಡಿ ತಾಳಕ್ಕೆ ಹೈಹ್ಯಾಟ್ ಎನ್ನುತ್ತಾರೆ. ಮೊದಲು ಬ್ಯಾಂಡುಗಳಲ್ಲಿ ಇದನ್ನೆಲ್ಲ ಬೇರೆಬೇರೆ ಜನ ಹೊಡೆಯುತ್ತಿದ್ದರಂತೆ. 1909ರಲ್ಲಿ ಅಮೆರಿಕದ ಲುಡ್ವಿಗ್ ಎಂಬವರು ಕಾಲಿನ ಪೆಡಲನ್ನು ಚೆನ್ನಾಗಿ ಸುಧಾರಿಸಿದ ಮೇಲೆ, ಒಬ್ಬನೇ ಕೂತು ಎಲ್ಲರ ಕೆಲಸ ಮಾಡುವುದು ಸುಲಭವಾಯಿತು. ಒಲೆ, ಒರಳು, ತೊಟ್ಟಿಲು ಮೂರನ್ನೂ ಒಟ್ಟಿಗೆ ನೋಡಿಕೊಂಡ ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ, ಅದು ಬೇರೆ ಮಾತು.

ಮಗ ಸ್ಟೂಲಿನ ಮೇಲೆ ಕೂತ. ಕಾಲು ಪೆಡಲಿಗೆ ಎಟುಕಲಿಲ್ಲ. ಆ ಮನೆಯಾಕೆ ನಕ್ಕು ಒಳಗಿನಿಂದ ಚಹಾ ತಂದು, ಒಂದೊಂದಾಗಿ ಹೇಳತೊಡಗಿದರು. ಅವರು ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬಂದೀತು.

ದೊಡ್ಡವರ ಸೆಟ್ಟಿನ ಬೇಸ್ ಡ್ರಮ್ 20ರಿಂದ 22 ಅಂಗುಲ. ಒಂಬತ್ತು ಹತ್ತು ವರ್ಷದೊಳಗಿನ ಮಕ್ಕಳಿಗೆ 16 ಅಂಗುಲದ ಚಿಕ್ಕ ಸೆಟ್ ಸಿಗುತ್ತದೆ. ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ತೊಡೆ ತುಸು ಇಳಿಜಾರಾಗಿರಬೇಕು. ಕೋಲುಗಳಲ್ಲಿ ನಂಬರು ಇರುತ್ತದೆ; ಸಣ್ಣ ಕೈಗಳಿಗೆ 5ಎ ಗಿಂತ 7ಎ ಹಗುರ. ಹಳೆಯ ಸೆಟ್ ಕೊಳ್ಳುವುದಾದರೆ ಮೇಲಿನ ಹಾಳೆ ಹರಿದಿದ್ದರೆ ಹೆದರಬೇಡಿ, ಅದನ್ನು ಬದಲಾಯಿಸಬಹುದು. ಸಿಂಬಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಮುಟ್ಟಬೇಡಿ, ಅದು ಬೆಳೆಯುತ್ತಲೇ ಹೋಗುತ್ತದೆ. ತಿರುಪುಗಳನ್ನೆಲ್ಲ ಒಮ್ಮೆ ತಿರುಗಿಸಿ ನೋಡಿ. ಅದರಲ್ಲೂ ಕರಾವಳಿಯಲ್ಲಿ! ಉಪ್ಪುಗಾಳಿಗೆ ಸ್ಟ್ಯಾಂಡು, ತಿರುಪು ಎಲ್ಲ ಆರು ತಿಂಗಳಿಗೇ ತುಕ್ಕು ಹಿಡಿಯುತ್ತವೆಯೆಂದು ಆಕೆ ವಾರಕ್ಕೊಮ್ಮೆ ಹೊಲಿಗೆಯಂತ್ರದ ಎಣ್ಣೆ ಹಚ್ಚಿ ಒರೆಸುತ್ತಾರಂತೆ.

ಇನ್ನು ಸದ್ದಿನ ವಿಷಯ. ಮುಚ್ಚಿದ ಕೋಣೆಯಲ್ಲಿ ಡ್ರಮ್ ಸೆಟ್ಟಿನ ಸದ್ದು ಮಕ್ಕಳ ಕಿವಿಗೆ ನಿಜವಾಗಿ ಅಪಾಯ. ಕಿವಿಗೆ ಮುಚ್ಚಿಗೆ ಬೇಕೇ ಬೇಕು. ಡ್ರಮ್ಮುಗಳ ಮೇಲೆ ಹಳೆಯ ಟವೆಲು, ಅಡಿಯಲ್ಲಿ ದಪ್ಪ ಜಮಖಾನೆ ಹಾಕಿದರೆ ನೆರೆಯವರಿಗೂ ಕ್ಷೇಮ. ಎಲೆಕ್ಟ್ರಾನಿಕ್ ಸೆಟ್ಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು. ಆದರೂ ಮಹಡಿ ಮನೆಯಾದರೆ ಪೆಡಲಿನ ದಬದಬ ಕೆಳಗಿನವರ ತಲೆಯ ಮೇಲೆಯೇ.

ಬೆಲೆ? ನಾದಿನಿಯ ಗಂಡ ಮಡಗಾಂವಿನ ಅಂಗಡಿಗೆ ಫೋನು ಮಾಡಿ ವಿಚಾರಿಸಿದರು. ಕೊಂಕಣ ರೈಲು ಹತ್ತಿದರೆ ಕಾರವಾರದವರಿಗೆ ಮಡಗಾಂವ್ ನೆರೆಯೂರಿದ್ದ ಹಾಗೆ. ಚಿಕ್ಕ ಸೆಟ್ಟೇ ಹತ್ತು ಸಾವಿರ ದಾಟುತ್ತದೆ ಅಂದರು. ಮಗನ ಮುಖ ಸಣ್ಣದಾಯಿತು. ಅವನು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಹಿತ್ತಿಲಿಗೆ ಹೋಗಿ ಕೂತ.

ಆಗ ಆ ಮನೆಯ ಅಜ್ಜಿ, ಇಷ್ಟು ಹೊತ್ತೂ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವರು, ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಹೇಳಿದರು: "ನಮ್ಮ ಕಾಲಕ್ಕೆ ಮದುವೆಗೆ ಇದೆಲ್ಲ ಎಲ್ಲಿತ್ತು? ಘುಮಟ್ ಇತ್ತು. ಮಣ್ಣಿನ ಗಡಿಗೆ. ಅದನ್ನ ತೋರಿಸಿ ಇವನಿಗೆ."

ಗೋವೆಯಲ್ಲಿ ಮಾಂಡೊ ಹಾಡಿಗೂ ಗಣಪತಿಯ ಆರತಿಗೂ ಘುಮಟ್ ಬೇಕು. ಅಲ್ಲಿನ ಸರ್ಕಾರ 2019ರಲ್ಲಿ ಅದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ನಮ್ಮ ಕಡೆ ಅದೇ ಗುಮಟೆ. ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗು, ಸುಗ್ಗಿ ಕುಣಿತಗಳ ಜೀವವೇ ಅದು. "ಅಂಕೋಲೆ ಕಡೆ ನನಗೆ ಗುರುತಿನವರಿದ್ದಾರೆ, ತರಕಾರಿ ತರುವ ಹೆಂಗಸಿನ ಮನೆ" ಅಂದಳು ನಾದಿನಿ. ಸರಿ, ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆವು.

ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರು. ಬಿಣಗಾ, ಅರ್ಗಾ, ಅವರ್ಸಾ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಆಗಾಗ ಇಣುಕುವ ಕಡಲು; ನಡುವೆ ಅರ್ಗಾದಲ್ಲಿ ನೌಕಾನೆಲೆಯ ಉದ್ದನೆಯ ಗೋಡೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿ ಹೆಸರಾದ ಊರು ಅಂಕೋಲೆ; ಈಗ ಕರಿ ಈಶಾಡು ಮಾವಿನ ಕಾಲಕ್ಕೆ ಹೋದವರಿಗೆ ಆ ಹಣ್ಣೇ ಸಾಕು. ಪೇಟೆಯ ಬದಿಯಲ್ಲಿ ಹಾಲಕ್ಕಿ ಹೆಂಗಸರು ಕತ್ತಿನ ತುಂಬ ಕರಿಮಣಿ ಸರಗಳನ್ನು ಹಾಕಿಕೊಂಡು ಬಸಳೆ, ಸೊಪ್ಪು ಹರಡಿ ಕೂತಿರುತ್ತಾರೆ. ಪದ್ಮಶ್ರೀ ಬಂದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ ಇದೇ ತಾಲೂಕಿನ ಬಡಗೇರಿಯವರು. ನೂರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಆ ಅಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

ನಾವು ಹೋದ ಮನೆಯ ಜಗಲಿಯ ತೊಲೆಗೆ ಒಂದು ಖಾಲಿ ಗಡಿಗೆ ತೂಗುತ್ತಿತ್ತು. ಎರಡೂ ಕಡೆ ಬಾಯಿ, ಒಂದು ಅಗಲ, ಒಂದು ಕಿರಿದು. ನನಗೆ ಮೊದಲು ಹೂವಿನ ಕುಂಡವೆಂದೇ ಅನಿಸಿತು. ಯಜಮಾನರು ಎಪ್ಪತ್ತು ದಾಟಿದವರು. "ನಮ್ಮ ಅಪ್ಪನ ಗುಮಟೆ ಅಮ್ಮಾ ಅದು. ಚರ್ಮ ಹರಿದುಹೋಗಿ ಎಷ್ಟೋ ವರ್ಷಾಯ್ತು. ಮತ್ತೆ ಕಟ್ಟೂಕೆ ಆಗಲಿಲ್ಲ."

ಏಕೆಂದರೆ ಹಿಂದೆ ಅಗಲ ಬಾಯಿಗೆ ಕಟ್ಟುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಕಾಯಿದೆಯಲ್ಲಿ ಉಡ, ಹುಲಿ ಆನೆಗಳ ಜೊತೆ ಮೊದಲ ಪಟ್ಟಿಯಲ್ಲೇ ಇದೆ. ಹಿಡಿದರೆ, ಕೊಂದರೆ, ಚರ್ಮ ಇಟ್ಟುಕೊಂಡರೆ ಜೈಲು. ಕಾಯಿದೆ ಬೇಕಾದ್ದೇ, ವಾದ್ಯಕ್ಕಾಗಿ ಒಂದು ಪ್ರಾಣಿಯ ವಂಶ ಅಳಿಯಬೇಕೆಂದು ಯಾರೂ ಹೇಳಲಾರರು. ಈಗ ಆಡಿನ ಚರ್ಮ ಕಟ್ಟುತ್ತಾರೆ. "ಸದ್ದು ಹಾಂಗೇ ಬತ್ತದೋ?" ಎಂದು ನಾದಿನಿ ಅವರ ಮಾತಿನಲ್ಲೇ ಕೇಳಿದಳು. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂಗೇ ಬರೂದಿಲ್ಲ. ಆದ್ರೆ ಬತ್ತದೆ" ಅಂದರು. ಅವರ ಮೇಳದಲ್ಲಿ ಹಿಂದೆ ಹನ್ನೆರಡು ಜನ ಕೂರುತ್ತಿದ್ದರಂತೆ, ಈಗ ನಾಲ್ವರು. ಸ್ವಂತ ಮೊಮ್ಮಗ ಡಿಜೆ ಸೆಟ್ಟಿನವರ ಜೊತೆ ತಿರುಗುತ್ತಾನೆ. ಅದನ್ನು ದೂರಿನಂತೆ ಹೇಳಲಿಲ್ಲ, ಮಳೆ ಕಡಿಮೆಯಾಯಿತು ಎನ್ನುವ ಹಾಗೆ ಹೇಳಿದರು.

ಒಳಗಿನಿಂದ ಆಡಿನ ಚರ್ಮದ ಗುಮಟೆ ತಂದು ಕೊರಳಿಗೆ ದಾರ ಹಾಕಿಕೊಂಡರು. ಬಲಗೈ ಬೆರಳುಗಳು ಚರ್ಮದ ಮೇಲೆ, ಎಡ ಅಂಗೈ ಕಿರಿದಾದ ಬಾಯಿಯ ಮೇಲೆ. ಎಡಗೈ ಮುಚ್ಚಿದರೆ ಒಂದು ದನಿ, ತೆರೆದರೆ ಇನ್ನೊಂದು. ನಡುವೆ ಜಾರಿಸಿದರೆ ಗಡಿಗೆ ಮಾತಾಡಿದಂತೆ ಕೇಳುತ್ತದೆ. ಒಂದೇ ಚರ್ಮ, ಎರಡು ಕೈ, ಆದರೆ ಎಷ್ಟು ದನಿ! ಹಿತ್ತಿಲಲ್ಲಿದ್ದ ಕೋಳಿಯನ್ನು ನೋಡುತ್ತಿದ್ದ ನಮ್ಮ ಹುಡುಗ ತಿರುಗಿ ಬಂದು ಜಗಲಿಯಲ್ಲಿ ಕೂತುಬಿಟ್ಟ. ಅವನ ಅಂಗೈಗೆ ಆ ಬಾಯಿ ಪೂರ್ತಿ ಮುಚ್ಚಲಿಲ್ಲ. ಮುದುಕರು ಸಣ್ಣದೊಂದು ಗುಮಟೆ ಹುಡುಕಿ ತಂದರು. ಊಟದ ಹೊತ್ತಿನವರೆಗೆ ಇಬ್ಬರೂ ಎದ್ದಿಲ್ಲ. "ತಮ್ಮಾ, ಬಲಗೈ ಎಲ್ಲರಿಗೂ ಬತ್ತದೆ. ಎಡಗೈ ಕೇಳು" ಎಂದು ಅವರು ಹೇಳುತ್ತಲೇ ಇದ್ದರು. ಡ್ರಮ್ ಸೆಟ್ ಹೊಡೆಯುವ ಪಕ್ಕದ ಮನೆ ಹುಡುಗನೂ ಹಿಂದಿನ ದಿನ ಎಡಗೈ ವಿಷಯ ಇದನ್ನೇ ಹೇಳಿದ್ದ.

ಸಣ್ಣ ಗುಮಟೆಗೆ ಕೊಟ್ಟದ್ದು ಒಂಬೈನೂರು ರೂಪಾಯಿ. ಗಡಿಗೆಯನ್ನು ಕುಂಬಾರರಿಂದ ತಂದು ಚರ್ಮವನ್ನು ಅವರೇ ಕಟ್ಟಿದ್ದು. ನಾನು ಚೌಕಾಸಿ ಮಾಡಲಿಲ್ಲ, ಮಾಡುವ ಮನಸ್ಸೂ ಬರಲಿಲ್ಲ. ಮನೆಯವರು ಕೋಳಿ ಸಾರು, ವಡೆ ಬಡಿಸಿದ್ದಕ್ಕೆ ಹಣ ಮುಟ್ಟಲೇ ಇಲ್ಲ. ಬಸ್ಸಿನಲ್ಲಿ ಆ ಗಡಿಗೆಯನ್ನು ನನ್ನ ಎರಡು ಸೀರೆಗಳಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೇ ಬಂದೆ. ಮಣ್ಣಿನ ವಾದ್ಯ ಕೊಳ್ಳುವವರು ಇದೊಂದನ್ನು ನೆನಪಿಡಬೇಕು; ಕೆಳಗೆ ಬಿದ್ದರೆ ರಿಪೇರಿ ಎಂಬುದಿಲ್ಲ.

ಉಳಿದ ಹಣದಲ್ಲಿ ರಬ್ಬರಿನ ಅಭ್ಯಾಸ ಪ್ಯಾಡ್ ಒಂದು, 7ಎ ಕೋಲು ಒಂದು ಜೊತೆ ತರಿಸಿದೆವು. ಪ್ಯಾಡಿನ ಸದ್ದು ರೊಟ್ಟಿ ತಟ್ಟುವ ಸದ್ದಿಗಿಂತ ಹೆಚ್ಚಿಲ್ಲ. ಪಕ್ಕದ ಮನೆ ಹುಡುಗ ಬರೆದುಕೊಟ್ಟ ಪಾಠವನ್ನು ದಿನಾ ಹದಿನೈದು ನಿಮಿಷ ಅದರ ಮೇಲೆ ಹೊಡೆಯುತ್ತಾನೆ, ಸಂಜೆ ಗುಮಟೆ. ಮಿಕ್ಕಿದ್ದು ಮೂರು ಸಾವಿರಕ್ಕೆ ಹತ್ತಿರ. ಅದನ್ನು ತೆಗೆದಿಟ್ಟು, ಅಂಚೆ ಕಚೇರಿಯಲ್ಲಿ ಅವನ ಹೆಸರಿನಲ್ಲಿ ತಿಂಗಳ ಠೇವಣಿ ಶುರುಮಾಡಿದ್ದೇವೆ. ಕಾಲು ಪೆಡಲಿಗೆ ಎಟುಕುವ ಹೊತ್ತಿಗೆ ಸೆಟ್ಟಿನ ಹಣವೂ ಆದೀತು. ಸೆಟ್ಟಿನ ಆಸೆ ಅವನು ಬಿಟ್ಟಿಲ್ಲ, ಬಿಡು ಎಂದು ನಾನೂ ಹೇಳಿಲ್ಲ.

ಜೂನಿನಲ್ಲಿ ಮಳೆ ಹಿಡಿದ ಕೂಡಲೇ ಗುಮಟೆಯ ಚರ್ಮ ಸಡಿಲವಾಗಿ ಬೊದಬೊದ ಎನ್ನತೊಡಗಿತು. ಡ್ರಮ್ ಸೆಟ್ಟಿಗೆ ಈ ತೊಂದರೆಯಿಲ್ಲ. 1950ರ ದಶಕದಿಂದ ಅದಕ್ಕೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ. ನಾನು ಅಂಕೋಲೆಗೆ ಫೋನು ಮಾಡಿಸಿ ಕೇಳಿದೆ. "ಒಲೆ ಹತ್ರ ಇಡೂಕೆ ಹೇಳಿ. ಬೆಂಕಿಗೆ ಅಲ್ಲ, ಬೆಚ್ಚಗೆ. ಸುಗ್ಗಿಗೆ ಹುಡುಗನ್ನ ಕರ್ಕಂಡು ಬನ್ನಿ" ಅಂದರಂತೆ. ಸುಗ್ಗಿ ಬರುವುದು ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಯ ಮುಂಚಿನ ದಿನಗಳಲ್ಲಿ. ತಲೆಗೆ ಬಣ್ಣದ ತುರಾಯಿ ಕಟ್ಟಿಕೊಂಡು ಮನೆಮನೆಗೆ ಕುಣಿದು ಬರುತ್ತಾರೆ. ಅಲ್ಲಿಯವರೆಗೆ ಗುಮಟೆ ನಮ್ಮ ಅಡಿಗೆಮನೆಯಲ್ಲಿ, ಒಲೆಯಿಂದ ಎರಡು ಮಾರು ದೂರದ ಗೂಟಕ್ಕೆ, ಹಪ್ಪಳದ ಡಬ್ಬಿಯ ಮೇಲುಗಡೆ ತೂಗುತ್ತಿದೆ.