ಪುಣೆಯ ಐದು ದಿನ, ಧಾರವಾಡದ ಒಂದು ದಾರಿ

ಪುಣೆಯಲ್ಲಿರುವ ನಮ್ಮ ಕಡೆಯವರು ಕಾರು ಕೊಳ್ಳುವ ಮುಂಚೆ ಫೋನ್ ಮಾಡಿದರೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಎಲ್ಲಾರೂ ಎಸ್‌ಯುವಿ ತಗೋಳಾಕತ್ತಾರ, ನೀವ್ಯಾಕ ಇನ್ನೂ ಸೆಡಾನ್ ಇಟ್ಕೊಂಡೀರಿ? ದಿನಾ ಓಡಸಾಕ ಹೆಂಗೈತಿ?"

ಒಂದು ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಊರು ಬಿಟ್ಟು ಬಂದವರ 'ದಿನಾ' ಎರಡು ಥರದ್ದು. ವಾರದ ಐದು ದಿನ ಕೋಥ್ರೂಡಿನಿಂದ ಹಿಂಜವಾಡಿಗೆ, ಹಿಂಜವಾಡಿಯಿಂದ ಕೋಥ್ರೂಡಿಗೆ. ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಹೊರಟರೆ ಸುಮಾರು 420 ಕಿಲೋಮೀಟರ್ ಆಚೆಯ ಧಾರವಾಡ. ಈ ಎರಡನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಕಾರಿನ ಬಗ್ಗೆ ಹೇಳುವ ಮಾತು ನಮಗೆ ಅರ್ಧವೇ.

ನನ್ನ ಕಾರು ಪುಣೆಯ ಪಕ್ಕದ ಚಾಕಣದಲ್ಲೇ ತಯಾರಾಗುವ ಅಣ್ಣತಮ್ಮಂದಿರ ಜೋಡಿಯಲ್ಲಿ ಒಂದು. 2022ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಬಂದ ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ ಆ ಜೋಡಿ. ಮೈ ಬೇರೆ, ಅಡಿಪಾಯ ಒಂದೇ. ದೊಡ್ಡ ಎಂಜಿನ್ ಆರಿಸಿಕೊಂಡರೆ ಎರಡರಲ್ಲೂ ಸಿಗುವುದು ಒಂದೂವರೆ ಲೀಟರ್ ಟರ್ಬೊ ಪೆಟ್ರೋಲ್, 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಆಟೋಮ್ಯಾಟಿಕ್‌ನಲ್ಲಿ ಏಳು ಗೇರಿನ ಡಿಎಸ್‌ಜಿ. 'ಸ್ಪೋರ್ಟಿ' ಎನ್ನುವ ಮಾತು ಹುಟ್ಟುವುದು ಇಲ್ಲಿಂದ.

ಆದರೆ ಚಾಂದನಿ ಚೌಕದ ಹತ್ತಿರ ಬೆಳಗಿನ ಒಂಬತ್ತು ಗಂಟೆಗೆ ಈ 150 ಪಿಎಸ್‌ಗೆ ಯಾವ ಬೆಲೆಯೂ ಇಲ್ಲ. ಹಳೆಯ ಸೇತುವೆ ಒಡೆದು ಹೊಸ ಜಂಕ್ಷನ್ ಕಟ್ಟಿದ ಮೇಲೆ ಅಲ್ಲಿ ಸ್ವಲ್ಪ ಉಸಿರಾಡುವಂತಾಗಿದೆ ನಿಜ. ಬಾಣೇರ್ ದಾಟಿ ವಾಕಡ್ ತಲುಪುವಷ್ಟರಲ್ಲಿ ಮತ್ತೆ ಅದೇ ಆಮೆ ನಡಿಗೆ. ಅಲ್ಲಿ ನಿಮ್ಮ ಪಕ್ಕದ ಆಟೋದವನೂ ನೀವೂ ಒಂದೇ.

ಈ ಆಮೆ ನಡಿಗೆಯಲ್ಲಿ ಗೇರ್‌ಬಾಕ್ಸಿನ ಸ್ವಭಾವ ತಿಳಿದಿರಬೇಕು. ಇದರಲ್ಲಿ ಎರಡು ಕ್ಲಚ್‌ಗಳಿರುತ್ತವೆ. ಒಂದು ಬೆಸ ಸಂಖ್ಯೆಯ ಗೇರುಗಳಿಗೆ, ಇನ್ನೊಂದು ಸಮ ಸಂಖ್ಯೆಯವಕ್ಕೆ. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ನಿಂತಿರುತ್ತದೆ. ಹೆದ್ದಾರಿಯಲ್ಲಿ ಇದು ಬೆಣ್ಣೆಯಂತೆ ಕೆಲಸ ಮಾಡುತ್ತದೆ. ಆದರೆ ಈ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರದ ಒಣ ಬಗೆಯವು. ಬ್ರೇಕಿನ ಮೇಲೆ ಕಾಲಿಟ್ಟು ಗೇಣು ಗೇಣಾಗಿ ತೆವಳಿಸಿದರೆ, ಏರಿನಲ್ಲಿ ಎಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಂಡರೆ ಅವು ಕಾಯುತ್ತವೆ. ಮುಂದಿನ ಗಾಡಿಗೆ ಒಂದು ಕಾರಿನಷ್ಟು ಜಾಗ ಬಿಟ್ಟು, ಆಮೇಲೆ ಒಮ್ಮೆಲೇ ಸಾಗುವುದು ಒಳ್ಳೆಯದು. ಆ ಜಾಗಕ್ಕೆ ಎರಡು ಬೈಕ್ ನುಗ್ಗುತ್ತವೆ, ನುಗ್ಗಲಿ.

ಪೆಟ್ರೋಲಿನ ಮಾತು. ನಗರದಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ಬಂದರೆ ಅದು ಒಳ್ಳೆಯ ವಾರ. ಹೆದ್ದಾರಿಯಲ್ಲಿ ಸಮಾಧಾನದಿಂದ ಓಡಿಸಿದರೆ ಹದಿನೇಳಕ್ಕೆ ಏರುತ್ತದೆ. ಭಾರವಿಲ್ಲದಾಗ ನಾಲ್ಕು ಸಿಲಿಂಡರುಗಳಲ್ಲಿ ಎರಡು ತಾವಾಗಿಯೇ ವಿಶ್ರಾಂತಿಗೆ ಹೋಗುವ ಏರ್ಪಾಡು ಇದರಲ್ಲಿದೆ. ಅದರ ಲಾಭ ಸಿಗುವುದು ಹದವಾಗಿ ಓಡುವಾಗ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹಾರುವಾಗ ಅಲ್ಲ.

ಇನ್ನು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಆ ಅಳತೆ ಪಾಲಿಸಿದರೆ ಯಾವ ಸೆಡಾನಿಗೂ ಹೊಟ್ಟೆ ತಾಗದು. ನಮ್ಮ ಗಲ್ಲಿಗಳಲ್ಲಿರುವವು ಅಡ್ಡಡ್ಡ ಮಲಗಿಸಿದ ತೆಂಗಿನ ಮರದಂಥವು. ಖಾಲಿ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 179 ಮಿಲಿಮೀಟರ್ ಎಂದು ಕಾಗದದಲ್ಲಿದೆ, ಸೆಡಾನಿಗೆ ಅದು ಧಾರಾಳ. ಐದು ಜನ ಕೂತು ಡಿಕ್ಕಿ ತುಂಬಿದರೆ ಅಷ್ಟು ಉಳಿಯುವುದಿಲ್ಲ. ಆಗ ಹಂಪನ್ನು ನೇರ ಹತ್ತದೆ ಸ್ವಲ್ಪ ಓರೆಯಾಗಿ ಹತ್ತಬೇಕು.

ಐದು ದಿನದ ಲೆಕ್ಕ ಇಲ್ಲಿಗೆ ಮುಗಿಯಿತು. ಇಷ್ಟೇ ಆದರೆ ಚಿಕ್ಕ ಹ್ಯಾಚ್‌ಬ್ಯಾಕ್ ಸಾಕು.

ಶುಕ್ರವಾರ ಸಂಜೆ ಕಾತ್ರಜ್ ಸುರಂಗ ದಾಟಿದ ಮೇಲೆ ಇದೇ ಕಾರು ಬೇರೆಯಾಗುತ್ತದೆ. ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಎತ್ತರದ ಗಾಡಿಗಳು ತುಸು ವಾಲಿ ಏರುವಾಗ ಇದು ನೆಲಕ್ಕಂಟಿಕೊಂಡು ಹೋಗುತ್ತದೆ. ಹಿಂದೆ ಕೂತ ಮಗಳಿಗೆ ವಾಂತಿ ಬರುವುದಿಲ್ಲ. ನಮ್ಮ ಮನೆಯ ಮಟ್ಟಿಗೆ ಒಳ್ಳೆಯ ಸಸ್ಪೆನ್ಷನ್ ಎಂದರೆ ಅದೇ.

ವೇಗದ ಬಗ್ಗೆ ಭ್ರಮೆ ಬೇಡ. ವಿಭಜಕವಿರುವ ನಾಲ್ಕು ಲೇನಿನ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಇಟ್ಟ ಗರಿಷ್ಠ ಮಿತಿ ಗಂಟೆಗೆ 100 ಕಿಲೋಮೀಟರ್. ಸಾತಾರಾದಿಂದ ಈಚೆ ರಸ್ತೆ ಅಗಲ ಮಾಡುವ ಕೆಲಸ, ಸುತ್ತುದಾರಿಗಳು ಬೇರೆ. ಯಾವ ಕಾರಿನಲ್ಲಿ ಹೋದರೂ ಎಂಟು ಗಂಟೆ ಹಿಡಿಯುವ ದಾರಿಯಿದು. ಶಕ್ತಿ ಉಪಯೋಗಕ್ಕೆ ಬರುವುದು ಕೆಲವೇ ಗಳಿಗೆ.

ಆ ಗಳಿಗೆಗಳು ಯಾವುವೆಂದು ಕಬ್ಬಿನ ಹಂಗಾಮಿನಲ್ಲಿ ಈ ದಾರಿ ಹಿಡಿದವರಿಗೆ ಗೊತ್ತು. ಕರಾಡದಿಂದ ಸಂಕೇಶ್ವರದವರೆಗೆ ಸಕ್ಕರೆ ಕಾರ್ಖಾನೆಗಳ ಸೀಮೆ. ಕತ್ತಲಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಹಿಂದೆ ಕೆಂಪು ದೀಪವಿಲ್ಲ, ಕಬ್ಬು ಎರಡೂ ಬದಿ ಚಾಚಿರುತ್ತದೆ. ಹಿಂದಿನಿಂದ ಲಾರಿ ಬರುವುದರೊಳಗೆ ದಾಟಬೇಕು. ಈ ಎಂಜಿನ್ 1600 ಸುತ್ತಿನಿಂದಲೇ ಪೂರ್ತಿ ಟಾರ್ಕ್ ಕೊಡುವುದರಿಂದ ಕಿರುಚಾಡದೆ ದಾಟಿಬಿಡುತ್ತದೆ. ಬೆಳಕು ಬಿದ್ದ ಕೂಡಲೇ ಹಿಡಿಯುವ ಬ್ರೇಕ್ ಅಷ್ಟೇ ಮುಖ್ಯ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎರಡೂ ಕಾರುಗಳಿಗೆ ದೊಡ್ಡವರ, ಮಕ್ಕಳ ಸುರಕ್ಷತೆಗೆ ಐದೈದು ನಕ್ಷತ್ರ ಸಿಕ್ಕಿವೆ. ಈ ದಾರಿಯಲ್ಲಿ ನನಗೆ ಧೈರ್ಯ ಕೊಡುವ ಅಂಕಿ ಅದು.

ಕೊಗನೊಳ್ಳಿ ಟೋಲ್ ದಾಟಿದರೆ ಫಲಕಗಳು ಕನ್ನಡಕ್ಕೆ ತಿರುಗುತ್ತವೆ. ನಿಪ್ಪಾಣಿ, ತವನಿಧಿ ಘಾಟು, ಸಂಕೇಶ್ವರ, ಬೆಳಗಾವಿ, ಕಿತ್ತೂರು. ಧಾರವಾಡದಲ್ಲಿ ಇಳಿದಾಗ ಬೆನ್ನು ನೋಯುವುದಿಲ್ಲ, ಕಣ್ಣು ಉರಿಯುವುದಿಲ್ಲ. ನಾನು ಕೊಟ್ಟ ಹೆಚ್ಚಿನ ದುಡ್ಡಿಗೆ ಸಿಕ್ಕಿದ್ದು ಅರ್ಧ ಗಂಟೆಯ ಉಳಿತಾಯವಲ್ಲ, ದಣಿಯದೆ ತಲುಪುವುದು. ಅಷ್ಟಾದ್ದರಿಂದಲೇ ತಿಂಗಳಿಗೊಮ್ಮೆ ಹೋಗುವುದು ಎರಡು ತಿಂಗಳಿಗೊಮ್ಮೆ ಆಗಿಲ್ಲ.

ವಾಪಸ್ ಬರುವಾಗ 521 ಲೀಟರಿನ ಡಿಕ್ಕಿ ತನ್ನ ಬೆಲೆ ತೋರಿಸುತ್ತದೆ. ಜೋಳದ ಹಿಟ್ಟು, ಕಡಕ್ ರೊಟ್ಟಿಯ ಡಬ್ಬಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಎರಡು ಸೂಟ್‌ಕೇಸ್, ಎಲ್ಲ ಮುಚ್ಚಿದ ಬಾಗಿಲ ಒಳಗೆ. ಕಾರಿನೊಳಗೆ ಬೆಳ್ಳುಳ್ಳಿ ವಾಸನೆ ಇಲ್ಲ.

ಸೆಡಾನಿನ ಕಷ್ಟ ಗೊತ್ತಾಗುವುದು ಅವ್ವನನ್ನು ಕೂರಿಸಿಕೊಂಡಾಗ. ಆಕೆಗೆ ಎಪ್ಪತ್ತಮೂರು, ಎರಡೂ ಮಂಡಿ ಸವೆದಿವೆ. ಮಂಡಿಯ ಡಾಕ್ಟರಿಗೆ ತೋರಿಸಲು ವರ್ಷಕ್ಕೆರಡು ಸಲ ಪುಣೆಗೆ ಕರೆತರುತ್ತೇನೆ. "ಕಾರ್ ಹತ್ತೋದಲ್ಲೋ ತಮ್ಮಾ ಇದು, ಬಾವ್ಯಾಗ ಇಳಿಯೋದು" ಅನ್ನುತ್ತಾಳೆ. ಹಾಗನ್ನುವುದರಲ್ಲಿ ತಪ್ಪಿಲ್ಲ. ತಿರುವಿನಲ್ಲಿ ಕಾರನ್ನು ವಾಲದಂತೆ ಹಿಡಿಯುವ ಆ ತಗ್ಗು ಮೈಯೇ ಆಕೆಯ ಮಂಡಿಗೆ ಶತ್ರು. ಮುಂದಿನ ಸೀಟನ್ನು ಪೂರ್ತಿ ಹಿಂದೆ ಸರಿಸಿ, ಪೂರ್ತಿ ಎತ್ತರಿಸಿ, ಮೊದಲು ಆಕೆ ಹೊರಮುಖವಾಗಿ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಿದರೆ ನೋವು ಕಡಿಮೆ. ಇಳಿಯುವಾಗ ಮಾತ್ರ ನನ್ನ ಕೈ ಬೇಕೇ ಬೇಕು.

ಅವ್ವನ ಹತ್ತಿರ ನನ್ನನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಕಾರು ನನಗೆ ಬೇಡ. ಅವ್ವನನ್ನು ನನ್ನ ಹತ್ತಿರ ಕರೆತರಲು ಇದು ಅಷ್ಟು ಒಳ್ಳೆಯದಲ್ಲ. ಆಕೆ ಧಾರವಾಡದ ಮನೆ ಬಿಡುವುದಿಲ್ಲ ಎನ್ನುವವರೆಗೆ ಈ ಕಾರು ಇರುತ್ತದೆ. ಪುಣೆಗೆ ಬಂದು ಇರಲು ಒಪ್ಪಿದರೆ ಅದೇ ವಾರ ಎತ್ತರದ ಗಾಡಿ ನೋಡುತ್ತೇನೆ.

ಹಾಗಾಗಿ ಫೋನ್ ಮಾಡಿ ಕೇಳುವವರಿಗೆ ನನ್ನ ಉತ್ತರ ಇದು. ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ಮೂರು ಸಲ ಹತ್ತಿಸಿ ಇಳಿಸಿ, ಅವರ ಮುಖ ನೋಡಿ. ಎಕ್ಸಿಲರೇಟರ್ ಒತ್ತಿ ನೋಡುವುದು ಅದಾದ ಮೇಲೆ.